ಫಿನಾಯಿಲ್

ಹಾಸನದ ದೊಡ್ಡಾಸ್ಪತ್ರೆ, ಹೆಂಗಸರ ಸರ್ಜಿಕಲ್ ವಾರ್ಡು.
ಎರಡು ವಾರದಲ್ಲಿ ಇದು ಮೂರನೇ ಭೇದಿ.
ಕೈಗೊಂದು ಫಾರಂ ಕೊಟ್ಟು
ತುಂಬಿಸಿಕೊಂಡು ಬನ್ನಿ ಸಿಸ್ಟರ್, ಎಂದರು.

ದ್ಯಾವೀರಮ್ಮ, ಗಂಡಸಿ ಹ್ಯಾಂಡ್‌ಪೋಸ್ಟ್.
ಬಸ್ಸಿನ ಮೆಟ್ಟಿಲಿಂದ ಜಾರಿ ತೊಡೆಮೂಳೆ ಮುರಿದದ್ದು.
ವಯಸ್ಸು ಅರವತ್ತೈದು ಮೀರಿದೆಯೇ?
ಟಿಕ್ ಹಾಕಿದೆ.
'ಏನವ್ವಾ ಬರ್ಕೊಂಡೆ?'
ನಿಮ್ಮ ವಯಸ್ಸು.
'ನಮ್ಮಪ್ಪನೇ ಬರ್ಸಿರ್ಲಿಲ್ಲ, ನಿಂಗೆಂಗೆ ಗೊತ್ತಾಯ್ತು?'

ಆಂಟಿಬಯೊಟಿಕ್:
ಆಪರೇಷನ್ನಿಗೆ ಮುಂಚೆ ಒಂದು, ಆದಮೇಲೂ ಐದು ದಿನ ಅದೇ,
ಉರಿಮೂತ್ರಕ್ಕೆ ಇನ್ನೊಂದು,
ರಾತ್ರಿ ಕೆಮ್ಮಿದರೆಂದು ಮತ್ತೊಂದು.
ಒಂದೊಂದಕ್ಕೂ ಕಾರಣವಿದೆ, ಒಂದೊಂದಕ್ಕೂ ಸಹಿಯಿದೆ.
ಒಟ್ಟು ಮೊತ್ತಕ್ಕೆ ಮಾತ್ರ
ಯಾರ ಸಹಿಯೂ ಇಲ್ಲ.

ಮಗಳು ಇಂದ್ರಾಣಿಗೆ ನಂಬಿಕೆಯಿಲ್ಲ:
ಕಾಯಿಲೆ ಕೊಲ್ಲೋ ಔಷ್ಧಿ ಕಾಯಿಲೆ ತರೋದೆಂಗೆ?
ನಿಮ್ಮ ಆಲೂಗಡ್ಡೆ ಹೊಲ ನೆನೆಸಿಕೊಳ್ಳಿ, ಅಂದೆ.
ಬದುವಿಗೆ ಕಳೆನಾಶಕ ಹೊಡೆದಿರಿ.
ಗರಿಕೆ ಹೋಯಿತು, ಅಣ್ಣೆಸೊಪ್ಪು ಹೋಯಿತು,
ಯಾರ ತಂಟೆಗೂ ಹೋಗದೆ
ನೆಲ ಹಿಡಿದು ಕೂತಿದ್ದವೆಲ್ಲ ಹೋದವು.
ಆ ಬೋಳು ಜಾಗದಲ್ಲಿ ಮೊದಲು ಎದ್ದದ್ದು ಯಾವುದು?
'ಕಾಂಗ್ರೆಸ್ ಗಿಡ'
ತಡಮಾಡದೆ ಅಂದಳು. ಆಮೇಲೆ
ಅವ್ವನ ಹೊಟ್ಟೆಯ ಮೇಲೆ ಹೊದಿಕೆ ಸರಿಮಾಡಿದಳು.

ಗ್ಯಾಸಿನ ಗುಳಿಗೆ? ಹೌದು, ದಿನಾ, ಬರಿಹೊಟ್ಟೆಗೆ.
ಯಾಕೆಂದು ಕೇಸ್‌ಶೀಟಿನಲ್ಲಿಲ್ಲ.
ಎಲ್ಲರಿಗೂ ಕೊಡುತ್ತೇವೆ, ಅದಕ್ಕೆ ಕೊಟ್ಟೆವು.
ಹೊಟ್ಟೆಯ ಹುಳಿಯೂ ಒಂದು ಕಾವಲಿರಬಹುದೆಂದು
ಪರೀಕ್ಷೆ ಬರೆಯುವಾಗ ನನಗೆ ಗೊತ್ತಿತ್ತು.

ದಾಖಲಾಗಿ ಎಷ್ಟು ದಿನ? ಇಪ್ಪತ್ತೆರಡು.
ಕಾರ್ಡಿನ ಅಪ್ರೂವಲ್ಲಿಗೆ ಕಾದದ್ದು ಎಷ್ಟು,
ರಾಡಿಗೆ ಕಾದದ್ದು ಎಷ್ಟು,
ಫಾರಂ ಕೇಳುವುದಿಲ್ಲ.

ಮಾಪು ನಿಲ್ಲಿಸಿ ಪುಟ್ಟಗಂಗಮ್ಮ ಕೇಳಿದಳು:
'ಮಂಚದ ವಿಷ್ಯ ಇಲ್ವ ಅದ್ರಲ್ಲಿ?'
ಯಾವ ಮಂಚ?
'ಈ ಹನ್ನೆರಡ್ರಲ್ಲಿ ಮುಂಚೆ ಇದ್ರಲ್ಲ, ಬೇಲೂರ್ ಕಡೆಯೋರು,
ಅವ್ರಿಗೂ ಹಿಂಗೇ ಕಿತ್ಕೊಂಡಿತ್ತು.
ಅವ್ರು ಎದ್ದೋದ ಮಧ್ಯಾಹ್ನನೇ ಈಯಮ್ಮನ್ನ ಮಲಗಿಸಿದ್ವಿ.
ಬ್ಲೀಚು ಮುಗ್ದು ಹನ್ನೊಂದು ದಿನ. ಸ್ಟೋರಿಗೆ ಹೇಳ್ದೆ.
ಫಿನಾಯಿಲ್ ಕೊಟ್ರು.
ವಾಸ್ನೆ ಬರುತ್ತಲ್ಲ, ಸಾಕು ಅಂದ್ರು.'

ವಾಸನೆ ಘಮ್ಮೆಂದೇ ಇತ್ತು.
ನೋಡಲು ಬಂದವರು ಎಷ್ಟು ಕ್ಲೀನು ಅಂದು ಹೋದರು.
ಚಿಪ್ಪೊಳಗೆ ಕೂತ ಬೀಜಕ್ಕೆ ಮೂಗಿಲ್ಲ.
ಮಂಚದ ಕಂಬಿಯಲ್ಲಿ, ಬೆಡ್‌ಪ್ಯಾನಿನ ಅಂಚಿನಲ್ಲಿ
ಅದು ತಿಂಗಳುಗಟ್ಟಲೆ ಇರುತ್ತದೆ,
ಹಸಿವಿಲ್ಲದೆ, ಅವಸರವಿಲ್ಲದೆ,
ಇನ್ನೊಂದು ಬೋಳು ಬದುವಿಗಾಗಿ.

ನಮ್ಮ ಸಿಂಕಿನ ನಲ್ಲಿಯ ಹಿಡಿ ಕಿತ್ತುಬಂದು
ಗಾಜ್ ಬಟ್ಟೆ ಸುತ್ತಿ ಕಟ್ಟಿದೆ.
ಕಟ್ಟಿದ್ದು ನಾನೇ, ಹೋದ ತಿಂಗಳು.
ಅಂದಿನಿಂದ ಜೇಬಿನಲ್ಲಿ ಸ್ಯಾನಿಟೈಸರು:
ಎರಡು ತೊಟ್ಟು, ಮುಂದಿನ ಮಂಚ,
ಎರಡು ತೊಟ್ಟು, ಮುಂದಿನ ಮಂಚ.
ಬೇರೆ ಕ್ರಿಮಿಗೆ ಸಾವು; ಈ ಬೀಜಕ್ಕೆ
ಅದು ಬರೀ ತಂಪು.
ಸೋಪು ಹಚ್ಚಿ, ಹರಿಯುವ ನೀರಲ್ಲಿ
ಉಜ್ಜಿ ಕಳಿಸಬೇಕು, ಬೇರೆ ದಾರಿಯಿಲ್ಲ.
ಹದಿನಾಲ್ಕು ಮಂಚ, ರಾತ್ರಿಗೆ ಒಂದೇ ಜೊತೆ ಕೈ.
ಹನ್ನೆರಡರಿಂದ ಹದಿಮೂರಕ್ಕೆ ಹೋಗಿ
ನಾಡಿ ಹಿಡಿದವರು ಯಾರು?

ಫಾರಂ ತಳದಲ್ಲಿ 'ಇತರೆ' ಅಂತ ಒಂದೂವರೆ ಅಂಗುಲ.
ಬರೆದೆ: ಬ್ಲೀಚು. ಮಂಚ. ನಲ್ಲಿ.
ನಾಲ್ಕನೆಯದಕ್ಕೆ ಜಾಗವಿತ್ತು.
'ಅವ್ವಾ, ಪ್ಯಾನು ಕೊಡ್ತೀಯಾ, ಮತ್ತೆ ಬಂತು'
ದ್ಯಾವೀರಮ್ಮ ನಾಚಿಕೊಂಡೇ ಕೂಗಿದರು.
ಕೊಟ್ಟೆ. ಒರೆಸಿದೆ. ತೆಗೆದೆ.

ಆಮೇಲೆ ಎರಡು ಮಹಡಿ ಇಳಿದು
ಲ್ಯಾಬಿನ ನಲ್ಲಿಯಲ್ಲಿ ಕೈ ತೊಳೆದೆ,
ಉಗುರಿನ ಸಂದಿಯೂ ಬಿಡದೆ, ಎಣಿಸಿಕೊಂಡು.
ಒರೆಸಿಕೊಳ್ಳಲು ಏನೂ ಇರಲಿಲ್ಲ.
ಒದ್ದೆ ಕೈಯಲ್ಲೇ ಫಾರಂ ಹಿಡಿದು ಮೇಲೆ ಬಂದೆ;
ಮೊದಲು ಕದಡಿದ್ದು
ವಯಸ್ಸಿನ ಮುಂದಿನ ಟಿಕ್ಕು.