ಕೊಟ್ಟವನು

ನುಮಿಡಿಯಾದ ನಮ್ಮ ಬೀದಿಗೆ ಈಗ ಎರಡು ಸಭೆ.
ಒಂದೇ ಕೀರ್ತನೆ, ಒಂದೇ ಆಮೆನ್,
ನಡುವೆ ಜೋಡಿ ಕತ್ತೆ ಹಾಯುವಷ್ಟು ಜಾಗ.
ಆಚೆಯವರು ಬೇರೆಯಾದ ದಿನವೇ
ಗೋಡೆ ಕೆರೆದು ಸುಣ್ಣ ಬಳಿದರು,
ಉಪ್ಪುನೀರು ಹೊಯ್ದು ನೆಲ ತಿಕ್ಕಿದರು,
ನಮ್ಮ ಕಾಲು ಸೋಕಿದ ಕಲ್ಲಲ್ಲವೇ.

ನಾನು ಸಿದ್ದಿನಾ, ಒಲೆಯವಳು.
ಎರಡು ಕಡೆಗೂ ರೊಟ್ಟಿ ಸುಡುತ್ತೇನೆ.
ನನ್ನ ಒಲೆಯನ್ನು ಮಾತ್ರ ಯಾರೂ ಇನ್ನೂ
ಉಪ್ಪುನೀರಲ್ಲಿ ತೊಳೆದಿಲ್ಲ.

ಸೊಸೆ ನಿನ್ನೆ ಹಿಟ್ಟು ನಾದುತ್ತ ಅಂದಳು:
"ಮಗುವನ್ನು ಆಚೆ ಒಯ್ಯುತ್ತೇನೆ ಅತ್ತೆ,
ಇನ್ನೊಮ್ಮೆ ಮುಳುಗಿಸಿ ತರುತ್ತೇನೆ.
ಬಾರಿಕ್ ಅಯ್ಯ ಮಾಡಿಸಿದ್ದೂ ಒಂದು ದೀಕ್ಷಾಸ್ನಾನವೇ?
ಅವನು ಕೊಟ್ಟವನು."

ಕೊಟ್ಟವನು. ನಮ್ಮಲ್ಲಿ ಅದು ಬೈಗುಳ.
ಚಕ್ರವರ್ತಿಯ ದಂಡು ಬಂದು ಕೇಳಿದಾಗ
ಶುಭವಾರ್ತೆಯ ಹೊತ್ತಗೆ ತಂದು ಕೊಟ್ಟವನು,
ಚೌಕದಲ್ಲಿ ಅದು ಉರಿಯುವಾಗ ನೋಡುತ್ತ ನಿಂತವನು.
ತೊಗಲಿನ ಹಾಳೆ. ಆಡಿನ ತಲೆ ಸುಟ್ಟ ವಾಸನೆ.
ಹಸಿದಿದ್ದೆ; ನನ್ನ ಬಾಯಲ್ಲಿ ನೀರೂರಿತು.

ಕೊಡದವರನ್ನು ಗಣಿಗೆ ಅಟ್ಟಿದರು.
ಅಣ್ಣ ನಂಪುಲ್ ಹೋದ.
ಒಂದು ಕಣ್ಣು ಕಿತ್ತಿದ್ದರಂತೆ, ಸತ್ತನಂತೆ,
ವರ್ಷವಾದ ಮೇಲೆ ಎಣ್ಣೆ ಮಾರುವವನೊಬ್ಬ ಹೇಳಿದ.
ಸೊಸೆಯ ತಾತನೂ ಅದೇ ಗಣಿಗೆ ಹೋದವನು.
ಅವಳ ಮಾತನ್ನು ನಾನು ಹೇಗೆ ತೆಗೆದುಹಾಕಲಿ?

ರಾತ್ರಿ ಅಯ್ಯನ ಮನೆಗೆ ಹೋದೆ.
ದೀಪದ ಹತ್ತಿರ ಬಾಗಿ ಕಡಲೆ ಆರಿಸುತ್ತಿದ್ದ.
ಜನ ಹೀಗನ್ನುತ್ತಾರೆ ಎಂದೆ.
ವಾದ ಹೂಡಿಯಾನು, ದೊಡ್ಡ ಪಟ್ಟಣದ ಬಿಷಪರ
ಓಲೆ ತೆಗೆದು ತೋರಿಸಿಯಾನು ಅಂದುಕೊಂಡಿದ್ದೆ.
"ಹೌದು, ಕೊಟ್ಟೆ" ಅಂದ.
ಸ್ವಲ್ಪ ಹೊತ್ತು ಬಿಟ್ಟು,
"ಮುಳುಗಿಸುವಾಗ ಹೇಳಿದ ಹೆಸರು ನನ್ನದಲ್ಲವಲ್ಲ, ಸಿದ್ದಿನಾ."
ಮತ್ತೆ ಕಡಲೆಯಲ್ಲಿ ಕಲ್ಲು ಹುಡುಕತೊಡಗಿದ.

ಮರಳುವಾಗ ಲೆಕ್ಕ ಹಾಕಿದೆ.
ಒಲೆ ಆರಿದ ಬೆಳಗಿನ ಜಾವಗಳಲ್ಲಿ
ಬಡ್ಡಿ ಮುದುಕನ ಮನೆಯಿಂದಲೂ ಕೆಂಡ ತಂದಿದ್ದೇನೆ.
ಬೆಂಕಿ ಅವನ ಜಿಪುಣತನ ಕಲಿತು ಬಂದಿರಲಿಲ್ಲ,
ರೊಟ್ಟಿ ಬೇಯುವಷ್ಟು ಬೆಂದಿತು.
ಆದರೆ ಇದು ಒಲೆಯ ಮಾತು.
ಅಣ್ಣನ ಕಣ್ಣಿಗೆ ಇದು ಉತ್ತರವಲ್ಲ.

ಓದು ಬಾರದವಳು ನಾನು, ಕೇಳಿ ಬಲ್ಲೆ:
ತಂದೆ ತನ್ನ ಮಗನನ್ನು ಕೊಟ್ಟ.
ಯೂದ ಮೂವತ್ತು ಬೆಳ್ಳಿಗೆ ಕೊಟ್ಟ.
ಕೈಗೆ ಬಂದದ್ದನ್ನು ನಿಮಗೂ ಕೊಟ್ಟೆ
ಎಂದು ಅಪೊಸ್ತಲ ಬರೆದ.
ಒಂದೇ ಮಾತು. ಇದರಲ್ಲಿ ಯಾವುದನ್ನು
ಉಪ್ಪುನೀರಲ್ಲಿ ತೊಳೆಯುತ್ತಾರೆ ಇವರು?

ಸೊಸೆಗೆ ಹೇಳದ್ದು ಒಂದಿದೆ.
ಆ ದಿನ ದಂಡಿನವನೊಬ್ಬ ಒಲೆಯ ಮುಂದೆ ನಿಂತು
"ನಿಮ್ಮ ಅಯ್ಯನ ಮನೆ ಯಾವುದು?" ಅಂದ.
ನಾನು ಬಾಯಿ ಬಿಡಲಿಲ್ಲ.
ಬೆರಳು ಎತ್ತಿದೆ. ಹಿಟ್ಟು ಮೆತ್ತಿದ ಬೆರಳು.
ಬಾಗಿಲು ತೆರೆದ ಬಾರಿಕ್
ಮೊದಲು ಕಂಡದ್ದು ಕತ್ತಿಯನ್ನಲ್ಲ,
ಬೀದಿಯ ತುದಿಯಲ್ಲಿ ಇನ್ನೂ ಇಳಿಯದ ಆ ಬೆರಳನ್ನು.

ಇಪ್ಪತ್ತು ವರ್ಷ, ಭಾನುವಾರ ಭಾನುವಾರ,
ಅದೇ ಕೈಯಲ್ಲಿ ಅವನು
ಪ್ರಭುವಿನ ದೇಹದ ಚೂರು ಇಡುತ್ತಾನೆ.
ಅವನ ಕೈ ನಡುಗುತ್ತದೆ, ವಯಸ್ಸು;
ಒಮ್ಮೆಯೂ ಹಿಂಜರಿದಿಲ್ಲ.

ಮಗುವಿನ ಹೆಸರು ಮುತ್ತುನ್.
ನಮ್ಮ ಹಳೆಯ ನುಡಿಯಲ್ಲಿ "ಕೊಟ್ಟದ್ದು" ಎಂದರ್ಥ.
ನಾಳೆ ಸೊಸೆ ಅವನನ್ನೆತ್ತಿ ಬೀದಿ ದಾಟಿದರೆ
ಅಡ್ಡ ನಿಲ್ಲಲು ನನ್ನಲ್ಲಿ ಬಾಯಿಲ್ಲ.
ಸಂಜೆ ಒದ್ದೆ ತಲೆಯಲ್ಲಿ ಬಂದಾನು.
ಒಲೆಯ ಪಕ್ಕ ಕೂರಿಸಿಕೊಂಡು ಒರೆಸಬೇಕು,
ಶೀತವಾದೀತು.