ಮೂರನೇ ವರ್ಷದ ಎಣಿಕೆ

ಸತ್ತಿದೆಯೋ ಬದುಕಿದೆಯೋ ತಿಳಿಯಲು
ಇಲಾಖೆ ನನಗೆ ಕೊಟ್ಟಿರುವುದು ಒಂದು ಟ್ಯಾಬ್.
ಅಮ್ಮ ಕೊಟ್ಟದ್ದು ಹೆಬ್ಬೆರಳಿನ ಉಗುರು.
ತೊಗಟೆ ಕೆರೆಯಬೇಕು, ಎಳ್ಳಷ್ಟು.
ಒಳಗೆ ಹಸಿರಿದ್ದರೆ ಒಂದು,
ಕಂದಿದ್ದರೆ ಮುಂದಿನ ಗುಂಡಿಗೆ.

ಯಲ್ದೂರು ಹೋಬಳಿ, ಎಂಬತ್ತನಾಲ್ಕು ಬಾರ್ ಎರಡು.
ಬದುವಿನ ಸುತ್ತ ಹೆಬ್ಬೇವು, ನಡುವೆ ಹೊಂಗೆ,
ರಸ್ತೆಯ ಕಡೆಗೆ ಸಿಲ್ವರ್ ಓಕು.
ಕೊಟ್ಟದ್ದು ನಾನ್ನೂರು ಸಸಿ.
ಹೋದ ವರ್ಷದ ಅಂಕಿ ನನ್ನದಲ್ಲ,
ನನಗಿಂತ ಮುಂಚೆ ಇದ್ದ ಗಾರ್ಡು
ಬೈಕಿನಿಂದ ಇಳಿಯದೆಯೇ ಎಣಿಸುತ್ತಿದ್ದನಂತೆ.
ಅವನ ಪುಸ್ತಕದಲ್ಲಿ ಯಾವ ಗಿಡವೂ ಸತ್ತಿಲ್ಲ.

ಬದುಕಿದ ಗಿಡಕ್ಕೆ ಸರ್ಕಾರ ದುಡ್ಡು ಕೊಡುತ್ತದೆ,
ಒಂದು ಗಿಡಕ್ಕೆ, ಸೀನಿವಾಸಪುರದ ಬಸ್‌ಸ್ಟ್ಯಾಂಡಿನ
ಒಂದು ಮಸಾಲೆ ದೋಸೆಯಷ್ಟು.
ಪಹಣಿಯಲ್ಲಿ ಯಾರ ಹೆಸರೋ ಅವರ ಖಾತೆಗೆ.
ನಮೂನೆಯಲ್ಲಿ ಅವರಿಗೆ ಫಲಾನುಭವಿ ಅನ್ನುತ್ತಾರೆ.
ಸಿಲ್ವರ್ ಓಕು ಯಾವ ಫಲ ಬಿಡುತ್ತದೋ
ನಾನು ಕೇಳಲು ಹೋಗಿಲ್ಲ.

ಮುಂದೆ ಪಿಳ್ಳಮ್ಮ ನಡೆಯುತ್ತಾಳೆ.
ಹೊಲ ಅವಳದಲ್ಲ, ವಾರಕ್ಕೆ ಮಾಡುತ್ತಾಳೆ;
ರಾಗಿಯಲ್ಲಿ ಅರ್ಧ, ಅವರೆಯಲ್ಲಿ ಅರ್ಧ.
ಗಿಡದ ಮಾತು ಆ ಕರಾರಿನಲ್ಲಿ ಬಂದಿಲ್ಲ.
ಬಂದಿಲ್ಲವೆಂದು ಅವಳು
ಬಿಂದಿಗೆ ಕೆಳಗಿಟ್ಟದ್ದೂ ಇಲ್ಲ.

ನಾನು ಗಿಡ ಎಣಿಸಿದರೆ ಅವಳು ದಿನ ಎಣಿಸುತ್ತಾಳೆ.
"ಇದು, ನಮ್ಮ ಹುಡುಗಿ ಹೆರಿಗೆಗೆ
ಕೋಲಾರದ ಆಸ್ಪತ್ರೇಲಿ ಇದ್ವಲ್ಲ, ಆ ವಾರ ಹೋಯ್ತು.
ಇದು ಮೇಕೆ. ಇದೂ ಮೇಕೆ. ಮೇಕೆ ನಂದೇ, ಬರ್ಕೊ.
ಇದೊಂದು ಮಾತ್ರ ಯಾಕೆ ಹೋಯ್ತೋ ಗೊತ್ತಿಲ್ಲ ಕಣಮ್ಮ,
ಎಲ್ಲಾ ಸರಿಯಾಗೇ ಇತ್ತು."

ನೂರ ನಲವತ್ತರ ಹತ್ತಿರ ಒಂದು ಹೊಂಗೆ.
ಮೇಲೆಲ್ಲ ಒಣಕಡ್ಡಿ. ಕೆರೆದೆ, ಕಂದು.
ಇನ್ನೂ ಕೆಳಗೆ ಕೆರೆದೆ, ಕಂದು.
ನಾನು ಎದ್ದು ಹೊರಡುವಷ್ಟರಲ್ಲಿ
ಅವಳು ಕುಕ್ಕರುಗಾಲಲ್ಲಿ ಕೂತು
ಬುಡದ ಮಣ್ಣು ಬೆರಳಲ್ಲಿ ಸರಿಸಿದಳು.
ಮೂಗುತಿಯ ಹರಳಿನಷ್ಟು ಚಿಗುರು.
"ಇದು ಜೀವ ಅಲ್ವಾ?"
ಸುತ್ತೋಲೆಯಲ್ಲಿ ಎತ್ತರದ ಮಾತಿದೆ, ಸುತ್ತಳತೆಯ ಮಾತಿದೆ.
ಪರದೆಯ ಮೇಲೆ ಬೆರಳಿಟ್ಟು
ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.
ಆಮೇಲೆ ಒತ್ತಿದೆ. ಒಂದು.

ಹನ್ನೊಂದಕ್ಕೆ ಕೋಲಾರದಿಂದ ರಾಜ್ಯಲಕ್ಷ್ಮಿ ಬಂದರು.
ಬ್ಲೌಸು ಹೊಲಿಯುವ ಅಂಗಡಿ, ಕೊರಳಲ್ಲಿ ಇನ್ನೂ ಟೇಪು.
ಪಹಣಿಯಲ್ಲಿ ಆ ಹೆಸರು ಕೂರಿಸಲು
ಅಣ್ಣಂದಿರ ಮೇಲೆ ಹನ್ನೊಂದು ವರ್ಷ
ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವರು.
ಪಿಳ್ಳಮ್ಮನ ಮೊಮ್ಮಗುವಿಗೆ ಬನ್ನು ತಂದಿದ್ದರು,
ಉಳಿದ ಬಟ್ಟೆಯಲ್ಲಿ ಹೊಲಿದ ಒಂದು ಕುಲಾವಿ.

ಫಲಾನುಭವಿ ಗಿಡದ ಪಕ್ಕ ನಿಂತ ಫೋಟೋ ಬೇಕು.
ಆಷಾಢದ ಗಾಳಿ. ಹೆಬ್ಬೇವು ನಿಲ್ಲಲೊಲ್ಲದು,
ನಾನು ಒತ್ತುವ ಹೊತ್ತಿಗೆ ಸರಿಯಾಗಿ ಬಾಗುತ್ತದೆ.
ಮೂರು ಸಲ ಆಯಿತು.
ನಾಲ್ಕನೆಯದಕ್ಕೆ ಪಿಳ್ಳಮ್ಮ ಪಕ್ಕಕ್ಕೆ ಕೂತು
ತೋಳು ಚಾಚಿ ಕಾಂಡ ಹಿಡಿದಳು.
ಚಿತ್ರದ ಅಂಚಿನಲ್ಲಿ ಎರಡು ಹಸಿರು ಬಳೆ,
ಮೊಣಕೈಯಿಂದಾಚೆಗೆ ಯಾರೂ ಇಲ್ಲ.
ಆ್ಯಪ್ ತಕರಾರು ಮಾಡದೆ ತೆಗೆದುಕೊಂಡಿತು.

ನೂರ ಎಂಬತ್ತಾರು ಎಂದೆ.
ರಾಜ್ಯಲಕ್ಷ್ಮಿ ಮನಸ್ಸಿನಲ್ಲೇ ಗುಣಿಸಿದರು,
ತುಟಿ ಅಲ್ಲಾಡಿದ್ದು ಕಂಡಿತು.
ಪಿಳ್ಳಮ್ಮ ಬನ್ನಿನ ಕವರು ಮಡಿಸಿ
ಸೊಂಟಕ್ಕೆ ಸಿಕ್ಕಿಸಿಕೊಂಡಳು.
ದುಡ್ಡಿನ ಮಾತು ಇಬ್ಬರ ನಡುವೆ ಬಂತೋ ಇಲ್ಲವೋ,
ನಾನಾಗಲೇ ಗಾಡಿ ಶುರು ಮಾಡಿದ್ದೆ.
ಕನ್ನಡಿಯಲ್ಲಿ ಕಂಡದ್ದು ಇಷ್ಟು:
ಇಬ್ಬರೂ ಬಗ್ಗಿ
ಆ ಹೊಂಗೆಯ ಬುಡ ನೋಡುತ್ತಿದ್ದರು.

ರಾತ್ರಿ ಮುದ್ದೆ ಮುರಿಯುವಾಗ
ಉಗುರಿನ ಸಂದಿಯಿಂದ ಕಹಿ.
ಸೋಪು ಹಾಕಿ ತೊಳೆದಿದ್ದೆ.
ಹೊಂಗೆಯದೋ, ಹೆಬ್ಬೇವಿನದೋ,
ಇಬ್ಬರಲ್ಲಿ ಯಾರ ಹೊಲದ್ದೋ.