ಹಿಂಬಡ್ತಿಗೆ ಅರ್ಜಿ

ಭೋಸರಿ ಎಂ.ಐ.ಡಿ.ಸಿ.ಯಲ್ಲಿ ನಮ್ಮ ಗೇಟಿನೆದುರು
ಒಂದು ಚಹಾದ ಗಾಡಿ. ಹದಿನೇಳು ವರ್ಷ
ಅಲ್ಲಿ ನಾನು ಸಿದ್ಯಾ ಆಗಿದ್ದೆ.
ಒಂದು ಸೋಮವಾರ
"ಯಾ ಸಾಹೇಬ್, ಬಸಾ" ಎಂದು
ಭಾನುದಾಸ ಥೋರಾತ ಬೆಂಚು ಬಿಟ್ಟು ಎದ್ದು ನಿಂತ.
ಅಣಕಿಸುತ್ತಿದ್ದಾನೆಂದು ನಕ್ಕೆ.
ಅವನು ನಗಲಿಲ್ಲ.
ಆಮೇಲೆ ಆ ಬೆಂಚಿನ ಮೇಲೆ
ನನಗೆ ಬೇಕಾದಷ್ಟು ಜಾಗವಿತ್ತು.

ಸಂಬಳ ಏರಿದ್ದು ಹದಿನಾಲ್ಕು ಸಾವಿರ.
ನೀಲಗಂಗಾ ಕ್ಯಾಲೆಂಡರಿನ ಬೆನ್ನಿಗೆ ಕೂಡಿಸಿ ಕಳೆದು
ಕಂತಿನ ಮೇಲೆ ಬಟ್ಟೆ ಒಗೆಯುವ ಮಷೀನು ತಂದಳು.
ಅದರಲ್ಲಿ ಹಾಕಲು ನನ್ನ ನೀಲಿ ಡಗಲೆ ಇರಲಿಲ್ಲ.
ಕೂಲಂಟು, ಕಾದ ಉಕ್ಕು, ಎಣ್ಣೆಬಟ್ಟೆ:
ಮಗಳು ಸಣ್ಣವಳಿದ್ದಾಗ ಕೊರಳಿಗೆ ಜೋತುಬಿದ್ದು
"ಅಪ್ಪಾ, ನೀ ಕಂಪನಿ ನಾರತಿ" ಅನ್ನುವಳು,
ಅಂದು, ಬಿಡುತ್ತಿರಲಿಲ್ಲ.
ಈಗ ನನಗೆ ಎ.ಸಿ.ಯ ವಾಸನೆ,
ಅಂದರೆ ಯಾವುದೂ ಇಲ್ಲ.

ಡೈಯ ಅಂಚು ಸವರಿ ಈ ಹೆಬ್ಬೆರಳು ಹೇಳುತ್ತಿತ್ತು
ಇನ್ನೂ ಎರಡು ಮೈಕ್ರಾನ್ ತೆಗಿ ಎಂದು.
ಗೇಜು ಆಮೇಲೆ ಹೂಂಗುಟ್ಟುತ್ತಿತ್ತು.
ಅದೇ ಬೆರಳು ರಾತ್ರಿ ಹನ್ನೊಂದಕ್ಕೆ, ಹಾಸಿಗೆಯಲ್ಲಿ,
ಗಾಜಿನ ಮೇಲೆ ಓಡುತ್ತಿತ್ತು:
ಓಕೆ ಸರ್. ನಾಳೆ ಸರ್. ನೋಡ್ತೀನಿ ಸರ್.

ಮೀಟಿಂಗಿನ ಗೋಡೆಯಾಚೆ
ನಾಲ್ಕನೇ ಮಷೀನಿನ ಬೇರಿಂಗು ಅಳುವುದು
ನನಗೊಬ್ಬನಿಗೇ ಕೇಳಿಸುತ್ತಿತ್ತು.
ಎದ್ದರೆ, "ಅದಕ್ಕೆ ಮೆಂಟೆನೆನ್ಸಿನವರಿದ್ದಾರೆ,
ನೀವು ಪರದೆ ನೋಡಿ" ಅಂದರು.
ನೋಡಿದೆ.

ಮಾರ್ಚ್ ಬಂತು.
ಒಂಬತ್ತು ಹೆಸರು, ಒಂಬತ್ತು ಅಂಕಿ,
ಕೊನೆಗೊಬ್ಬ ಇರಲೇಬೇಕೆಂದು ನಿಯಮ.
ಭಾನುದಾಸನ ಎಡಗಣ್ಣಿಗೆ ಪೊರೆ ಕಟ್ಟುತ್ತಿದೆ,
ಮೂರು ಪೀಸು ಹಾಳಾದದ್ದು ಅದಕ್ಕೇ.
ಊಟದ ಡಬ್ಬಿ ಬಿಚ್ಚುತ್ತ, ದನಿ ತಗ್ಗಿಸಿ,
ಅದನ್ನವನು ಸಿದ್ಯಾನಿಗೆ ಹೇಳಿದ್ದ.
ಸಾಹೇಬ ಬರೆದ.

ಅವನು ಜಗಳಕ್ಕೆ ಬರಲಿಲ್ಲ.
ಅವನ ಹೆಂಡತಿ ನನಗೆಂದೇ ಕಳಿಸುತ್ತಿದ್ದ
ಹಸಿಮೆಣಸಿನ ಠೇಚಾ ಬರುವುದು ನಿಂತಿತು,
ಅಷ್ಟೇ.
ಆ ವರ್ಷವೆಲ್ಲ ನನ್ನ ನಾಲಗೆ
ಚಪ್ಪೆ ಚಪ್ಪೆ.

ಅರ್ಜಿ ನೋಡಿ ಮೃಣ್ಮಯೀ ಮೇಡಂ ಮೊದಲು ಕೇಳಿದ್ದು
"ತಬ್ಯೇತ ಠೀಕ ಆಹೇ ನಾ?"
ಕಾರಣದ ಜಾಗ ಒಂದೂವರೆ ಇಂಚು.
"ವೈಯಕ್ತಿಕ" ಎಂದು ಬರೆದೆ.
ದೊಡ್ಡ ಸಾಹೇಬರು ಕನ್ನಡಕ ತೆಗೆದರು:
"ಹತ್ತಿದ ಏಣಿ ಯಾರಾದರೂ ಇಳೀತಾರಾ, ಸಿದರಾಯ?"
ಉತ್ತರ ಹೊಳೆದದ್ದು ನಾಶಿಕ್ ಫಾಟಾದ ಸಿಗ್ನಲ್ಲಿನಲ್ಲಿ, ತಡವಾಗಿ:
ಏಣಿ ಬಣ್ಣ ಬಳಿಯೋರಿಗೆ ಬೇಕ್ರೀ,
ನನ್ನ ಲೇತು ನೆಲದ ಮ್ಯಾಲದ.
ಹೆಲ್ಮೆಟ್ಟಿನೊಳಗೆ ಒಬ್ಬನೇ ನಕ್ಕೆ.

ಸೊಲ್ಲಾಪುರದ ಭಾವ ಫೋನಿನಲ್ಲಿ ಹೌಹಾರಿದ:
"ಲಗ್ನಪತ್ರಿಕ್ಯಾಗ ಮ್ಯಾನೇಜರ್, ಪುಣೆ ಅಂತ ಹಾಕ್ಸೀವಲ್ಲೋ!
ಹಂಚೂದೂ ಆತು!"
ನೀಲಗಂಗಾ ಜೋಳದ ಹಿಟ್ಟು ಸಾಣಿಸುತ್ತಿದ್ದಳು,
ಬಹಳ ಹೊತ್ತು ಸಾಣಿಸಿದಳು.
"ಮಷೀನಿನ ಕಂತು ಇನ್ನ ಐದು ಅದಾವು" ಅಂದಳು.
ಕ್ಯಾಲೆಂಡರು ತಿರುವಿ ಹಾಕಿದಳು.
ಪೆನ್ಸಿಲು ಎಲ್ಲಿಟ್ಟೆ ಎಂದು ನನ್ನನ್ನೇ ಕೇಳಿದಳು.

ಇವತ್ತು ಹಳೆಯ ಡಗಲೆ. ಹೊಟ್ಟೆಯ ಗುಂಡಿ ಹತ್ತಲಿಲ್ಲ.
ಹೆಬ್ಬೆರಳು ಡೈ ಸವರಿತು,
ಏನೂ ಹೇಳಲಿಲ್ಲ.
ಮತ್ತೆ ಸವರಿದೆ. ಮೆತ್ತಗಾಗಿತ್ತು ಅದು,
ಬ್ಯಾಂಕಿನವರ ಬೆರಳಿನ ಹಾಗೆ.
ಮೊದಲ ಪೀಸು ಮೂವತ್ತು ಮೈಕ್ರಾನ್ ಹೆಚ್ಚು ತಿಂದಿತು.
ಇನ್ನೂ ಮೀಸೆ ಮೂಡುತ್ತಿರುವ ಕ್ವಾಲಿಟಿಯ ಹುಡುಗ
ಕೆಂಪು ಸೀಸದಲ್ಲಿ ಗೀಟು ಹಾಕಿ,
ಯಾರದೆಂದು ನೋಡಿ, ನಾಲಗೆ ಕಚ್ಚಿಕೊಂಡ.
ಇರಲಿ ಬಿಡಪ್ಪ, ಗೀಟು ಗೀಟೇ.

ಪಕ್ಕದ ಮಷೀನಿನಲ್ಲಿ ಭಾನುದಾಸ,
ಆಪರೇಷನ್ ಆದ ಕಣ್ಣು, ದಪ್ಪ ಕನ್ನಡಕ,
ಬೆಳಗಿನಿಂದ ಇತ್ತ ತಿರುಗಿಲ್ಲ.
ಮೂರರ ಸುಮಾರಿಗೆ
ಎಣ್ಣೆಯ ಡಬ್ಬಿಯನ್ನು ಬೆಂಚಿನ ಮೇಲೆ
ಒಂದು ಗೇಣು ನನ್ನ ಕಡೆ ಸರಿಸಿದ.
ಸಾಹೇಬ ಅನ್ನಲಿಲ್ಲ.
ಸಿದ್ಯಾ ಎಂದೂ ಅನ್ನಲಿಲ್ಲ.
"ಏ" ಅಂದ.